ನಕ್ಷತ್ರಗಳ ತೊಟ್ಟಿಲನ್ನು ತೂಗುವ ಬಗೆ

ಮಾರ್ಗಶಿರ, ಪುಷ್ಯ ಮಾಸಗಳ ಚಳಿಯ ರಾತ್ರಿಯಲ್ಲಿ ಊಟ ಮುಗಿಸಿ ಅಂಗಳಕ್ಕೆ ಬಂದು ಪೂರ್ವದ ಕಡೆ ತಲೆಯೆತ್ತಿ ನೋಡಿದರೆ, ಮಹಾವ್ಯಾಧನ ನಕ್ಷತ್ರಪುಂಜ ಕೂಡಲೆ ಕಣ್ಣಿಗೆ ಬೀಳುವುದು. ಸಾಲಾಗಿ ನಿಂತ ಮೂರು ನಕ್ಷತ್ರಗಳು ವ್ಯಾಧನ ನಡುಕಟ್ಟು. ಅದರ ದಕ್ಷಿಣಕ್ಕೆ ಜೋತುಬಿದ್ದಿರುವ ಖಡ್ಗದ ನಡುವೆ ಮಂಜಿನ ತುಣುಕಿನಂತಹ ಒಂದು ಮಸುಕು ಮಚ್ಚೆಯುಂಟು. ಕಣ್ಣು ಚುರುಕಾಗಿರುವವರಿಗೆ ಅದು ಯಾವ ಉಪಕರಣದ ನೆರವೂ ಇಲ್ಲದೆ ಕಾಣುವುದು. ಅದೇ ಮಹಾವ್ಯಾಧ ನೀಹಾರಿಕೆ. ನಮ್ಮಿಂದ ಸುಮಾರು ೧,೩೫೦ ಜ್ಯೋತಿರ್ವರ್ಷಗಳ ದೂರದಲ್ಲಿರುವ ಈ ನೀಹಾರಿಕೆ ಬರಿಯ ಮಂಜಲ್ಲ. ಅದು ನಕ್ಷತ್ರಗಳ ಹೆರಿಗೆಮನೆ. ಅಲ್ಲಿ ಈಗಲೂ ಹೊಸ ನಕ್ಷತ್ರಗಳು ಹುಟ್ಟುತ್ತಿವೆ. ನಮ್ಮ ಸೂರ್ಯನೂ ಸುಮಾರು ೪೬೦ ಕೋಟಿ ವರ್ಷಗಳ ಹಿಂದೆ ಇಂತಹುದೇ ಒಂದು ಅನಿಲಮೇಘದ ಮಡಿಲಿನಲ್ಲಿ ಜನಿಸಿದವನು.

ನಕ್ಷತ್ರಗಳು ಅನಿಲದಿಂದ ಹುಟ್ಟುವುವೆಂಬುದು ಈಗ ಸಂದೇಹಕ್ಕೆ ಎಡೆಯಿಲ್ಲದ ಸಂಗತಿ. ಆದರೆ ಎಷ್ಟು ಅನಿಲವಿದ್ದರೆ ಎಷ್ಟು ನಕ್ಷತ್ರಗಳು ಹುಟ್ಟುವುವು ಎಂಬ ಪ್ರಶ್ನೆ ಅಷ್ಟು ಸುಲಭವಾಗಿ ಬಗೆಹರಿಯುವುದಲ್ಲ. ನಮ್ಮ ಆಕಾಶಗಂಗೆಯಲ್ಲಿ ಅಣುರೂಪದಲ್ಲಿರುವ ಅನಿಲ ಸುಮಾರು ನೂರು ಕೋಟಿ ಸೂರ್ಯರ ತೂಕದಷ್ಟಿದೆ. ಗುರುತ್ವಾಕರ್ಷಣೆಯೊಂದನ್ನೇ ನಂಬಿ ಲೆಕ್ಕ ಹಾಕಿದರೆ, ಈ ಮೇಘಗಳು ಕೆಲವೇ ದಶಲಕ್ಷ ವರ್ಷಗಳಲ್ಲಿ ತಮ್ಮ ಭಾರಕ್ಕೆ ತಾವೇ ಕುಸಿದು ನಕ್ಷತ್ರಗಳಾಗಿ ಮುಗಿಯಬೇಕು. ಅಂದರೆ ವರ್ಷವೊಂದಕ್ಕೆ ನೂರಾರು ಸೂರ್ಯರು ಹುಟ್ಟಬೇಕು. ಆದರೆ ವಾಸ್ತವವಾಗಿ ಹುಟ್ಟುತ್ತಿರುವುದು ವರ್ಷಕ್ಕೆ ಒಂದೆರಡು ಸೂರ್ಯರ ತೂಕದಷ್ಟು ಮಾತ್ರ. ೧೯೭೪ರಲ್ಲಿಯೇ ಬೆನ್ ಜುಕರ್‌ಮನ್ ಮತ್ತು ನೀಲ್ ಎವನ್ಸ್ ಎಂಬ ಅಮೆರಿಕದ ಖಗೋಳಜ್ಞರು ಈ ಅಂತರವನ್ನು ಎತ್ತಿ ತೋರಿಸಿದರು. ಉಗ್ರಾಣದಲ್ಲಿ ದಾಸ್ತಾನು ತುಂಬಿದ್ದರೂ ಅಡಿಗೆ ಏಕೆ ಇಷ್ಟು ಮಂದವಾಗಿ ನಡೆಯುತ್ತಿದೆ? ಉತ್ತರ ಹುಡುಕಬೇಕಾದರೆ ಮೊದಲು ದಾಸ್ತಾನನ್ನು ಅಳೆಯಬೇಕು. ಅದರಲ್ಲಿ ಬಳಸಲು ಸಿದ್ಧವಾಗಿರುವುದೆಷ್ಟು ಎಂಬುದನ್ನೂ ಬೇರೆಯಾಗಿ ಅಳೆಯಬೇಕು. ಆ ಅಳತೆಯ ಕಥೆಯೇ ಈ ಲೇಖನದ ವಿಷಯ.

ಮೂಕವಾದ ಜಲಜನಕ

ಈ ಮೇಘಗಳಲ್ಲಿ ಬಹುಪಾಲು ಇರುವುದು ಜಲಜನಕ. ಬಿಡಿ ಪರಮಾಣುಗಳಾಗಿರುವ ಜಲಜನಕ ೨೧ ಸೆಂಟಿಮೀಟರು ಉದ್ದದ ರೇಡಿಯೋ ತರಂಗವನ್ನು ಹೊರಡಿಸಬೇಕೆಂದು ಹಾಲೆಂಡಿನ ವಾನ್ ಡೆ ಹುಲ್ಸ್ಟ್ ೧೯೪೪ರಲ್ಲಿ ಸೂಚಿಸಿದನು. ೧೯೫೧ರಲ್ಲಿ ಅಮೆರಿಕದ ಈವನ್ ಮತ್ತು ಪರ್ಸೆಲ್ ಆ ತರಂಗವನ್ನು ಹಿಡಿದೇ ಬಿಟ್ಟರು. ಅಂದಿನಿಂದ ಬಿಡಿ ಜಲಜನಕದ ನಕ್ಷೆ ಬರೆಯುವುದು ಸಾಧ್ಯವಾಯಿತು. ಆದರೆ ನಕ್ಷತ್ರಗಳು ಹುಟ್ಟುವ ತಂಪಾದ, ಒತ್ತಾದ ಮೇಘಗಳಲ್ಲಿ ಜಲಜನಕದ ಪರಮಾಣುಗಳು ಬಿಡಿಬಿಡಿಯಾಗಿರುವುದಿಲ್ಲ. ಎರಡೆರಡು ಕೂಡಿ ಅಣುಗಳಾಗಿರುವುವು. ತೊಡಕು ಇರುವುದು ಇಲ್ಲಿಯೇ.

ಅಣುವೊಂದು ಬುಗುರಿಯಂತೆ ತಿರುಗಬಲ್ಲುದು. ತಿರುಗುವ ವೇಗ ಒಂದು ಮೆಟ್ಟಿಲು ಇಳಿದಾಗ, ಕಳೆದುಕೊಂಡ ಶಕ್ತಿ ರೇಡಿಯೋ ತರಂಗವಾಗಿ ಹೊರಬೀಳುವುದು. ಇದು ಚೆನ್ನಾಗಿ ನಡೆಯಬೇಕಾದರೆ ಅಣುವಿನ ಒಂದು ತುದಿ ತುಸು ಧನವಿದ್ಯುತ್ತನ್ನೂ ಇನ್ನೊಂದು ತುದಿ ತುಸು ಋಣವಿದ್ಯುತ್ತನ್ನೂ ಹೊಂದಿರಬೇಕು. ಜಲಜನಕದ ಅಣುವಿನ ಎರಡು ತುದಿಗಳೂ ಒಂದೇ ಬಗೆಯವು. ಅಲ್ಲಿ ಅಂತಹ ಭೇದವಿಲ್ಲ. ಅಲ್ಲದೆ ಆ ಹಗುರವಾದ ಬುಗುರಿಯನ್ನು ಮೊದಲ ಮೆಟ್ಟಿಲಿಗೇರಿಸಲು ನೂರಾರು ಡಿಗ್ರಿಗಳ ಶಾಖ ಬೇಕು. ಮೇಘಗಳ ಒಳಗಾದರೋ ಉಷ್ಣತೆ ಸೊನ್ನೆಗಿಂತ ಸುಮಾರು ೨೬೦ ಸೆಂಟಿಗ್ರೇಡ್ ಡಿಗ್ರಿ ಕೆಳಗೆ. ಆದುದರಿಂದ ವಿಶ್ವದಲ್ಲಿ ಅತಿ ಹೇರಳವಾಗಿರುವ ಅಣು, ನಕ್ಷತ್ರಗಳಿಗೆ ಜನ್ಮ ಕೊಡುವ ಸ್ಥಳದಲ್ಲಿಯೇ ಮೂಕವಾಗಿದೆ.

ಮೂಕನ ಪರವಾಗಿ ಮಾತನಾಡುವವರನ್ನು ಹುಡುಕಬೇಕಾಯಿತು. ೧೯೭೦ರಲ್ಲಿ ರಾಬರ್ಟ್ ವಿಲ್ಸನ್, ಕೀತ್ ಜೆಫರ್ಟ್ಸ್ ಮತ್ತು ಆರ್ನೋ ಪೆಂಜಿಯಾಸ್ ಎಂಬವರು ಅಮೆರಿಕದ ಅರಿಜೋನಾ ಪ್ರಾಂತದ ಕಿಟ್ ಪೀಕ್ ಪರ್ವತದ ಮೇಲಿನ ದೂರದರ್ಶಕವನ್ನು ಮಹಾವ್ಯಾಧ ನೀಹಾರಿಕೆಯತ್ತ ತಿರುಗಿಸಿ, ೨.೬ ಮಿಲಿಮೀಟರು ಉದ್ದದ ತರಂಗವೊಂದನ್ನು ಕಂಡುಕೊಂಡರು. ಅದು ಇಂಗಾಲದ ಮಾನಾಕ್ಸೈಡ್ ಅಣುವಿನ ದನಿ. ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಒಲೆ ಉರಿಸಿದಾಗ ಪ್ರಾಣಕ್ಕೆ ಎರವಾಗುವ ಅನಿಲವೇ ಇದು. ಮೇಘಗಳಲ್ಲಿ ಸುಮಾರು ಹತ್ತು ಸಾವಿರ ಜಲಜನಕ ಅಣುಗಳಿಗೆ ಒಂದರಂತೆ ಈ ಅಣು ಬೆರೆತಿದೆ. ಇದರ ದನಿಯ ಬಲವನ್ನು ಅಳೆದರೆ ಸುತ್ತಲಿರುವ ಜಲಜನಕದ ಪ್ರಮಾಣವನ್ನು ಅಂದಾಜು ಮಾಡಬಹುದು. ೧೯೭೫ರ ವೇಳೆಗೆ ಆಕಾಶಗಂಗೆಯ ಆಚೆಗಿರುವ ಗೆಲಕ್ಸಿಗಳಿಂದಲೂ ಈ ದನಿ ಕೇಳಿಬಂದಿತು. ಗೆಲಕ್ಸಿಯೆಂದರೆ ನಮ್ಮ ಆಕಾಶಗಂಗೆಯಂತೆಯೇ ಕೋಟಿಗಟ್ಟಲೆ ನಕ್ಷತ್ರಗಳನ್ನೊಳಗೊಂಡ ಬೇರೊಂದು ದ್ವೀಪ.

ಎರಡು ಮೇಘಗಳ ಹೋಲಿಕೆ

ಇಷ್ಟರಿಂದಲೇ ಸಮಸ್ಯೆ ಬಗೆಹರಿಯಿತೆಂದು ವಾಚಕರು ಭಾವಿಸಬಹುದು. ಹಾಗಲ್ಲವೆಂಬುದಕ್ಕೆ ನಮ್ಮ ನೆರೆಯಲ್ಲಿರುವ ಎರಡು ಮೇಘಗಳೇ ಸಾಕ್ಷಿ. ಮಹಾವ್ಯಾಧ ನೀಹಾರಿಕೆಯ ಹಿಂದೆ ಹರಡಿರುವ ದೊಡ್ಡ ಮೇಘ ಒಂದು; ಪಾರ್ಥ ನಕ್ಷತ್ರಪುಂಜದಲ್ಲಿ ಕಾಣುವ, ಕ್ಯಾಲಿಫೋರ್ನಿಯಾ ಮೇಘವೆಂದು ಹೆಸರಾದುದು ಇನ್ನೊಂದು. ಇವೆರಡರ ತೂಕವೂ ಸುಮಾರು ಒಂದೊಂದು ಲಕ್ಷ ಸೂರ್ಯರಷ್ಟು. ನಮ್ಮಿಂದ ಇರುವ ದೂರದಲ್ಲಿಯೂ ಹೆಚ್ಚಿನ ಅಂತರವಿಲ್ಲ. ಆದರೂ ಮಹಾವ್ಯಾಧನ ಮೇಘದಲ್ಲಿ ಹುಟ್ಟುತ್ತಿರುವ ನಕ್ಷತ್ರಗಳು ಕ್ಯಾಲಿಫೋರ್ನಿಯಾ ಮೇಘದಲ್ಲಿ ಹುಟ್ಟುವುದರ ಹತ್ತುಪಾಲಿಗೂ ಮಿಗಿಲು. ೨೦೦೯ರಲ್ಲಿ ಚಾರ್ಲ್ಸ್ ಲಾಡ ಮತ್ತು ಅವರ ಸಂಗಡಿಗರು ಈ ಹೋಲಿಕೆಯನ್ನು ಪ್ರಕಟಿಸಿದರು. ಮೇಘದ ಧೂಳು ಹಿನ್ನೆಲೆಯ ನಕ್ಷತ್ರಗಳ ಬೆಳಕನ್ನು ಎಲ್ಲೆಲ್ಲಿ ಎಷ್ಟೆಷ್ಟು ಮಬ್ಬುಗೊಳಿಸುವುದೆಂದು ಅಳೆದು, ಒತ್ತಾದ ಭಾಗಗಳು ಎಷ್ಟೆಂಬುದನ್ನು ಅವರು ಲೆಕ್ಕ ಹಾಕಿದರು. ಅಂತಹ ಭಾಗ ಕ್ಯಾಲಿಫೋರ್ನಿಯಾ ಮೇಘದಲ್ಲಿ ಬಹಳ ಕಡಿಮೆಯಿದ್ದಿತು.

ಎಂದ ಮೇಲೆ, ಹಾಲೆಷ್ಟಿದೆ ಎಂಬುದಕ್ಕಿಂತ ಅದರಲ್ಲಿ ಕೆನೆಯೆಷ್ಟಿದೆ ಎಂಬುದೇ ಮುಖ್ಯವಾಯಿತು. ಇಂಗಾಲದ ಮಾನಾಕ್ಸೈಡ್ ಹಾಲನ್ನೆಲ್ಲ ಒಟ್ಟಾಗಿ ಅಳೆಯುವುದು. ಕೆನೆಯನ್ನು ಬೇರ್ಪಡಿಸಿ ತೋರಿಸಲಾರದು. ದೂರದ ಗೆಲಕ್ಸಿಗಳಲ್ಲಿ ಹಿನ್ನೆಲೆಯ ನಕ್ಷತ್ರಗಳನ್ನೆಣಿಸುವ ಉಪಾಯವೂ ನಡೆಯದು. ಅಲ್ಲಿಗೆ ಬೇರೊಬ್ಬ ಸಾಕ್ಷಿ ಬೇಕು.

ವಿಷದ ಅಣುವಿನ ಸಾಕ್ಷ್ಯ

ಆ ಸಾಕ್ಷಿ ಹೈಡ್ರೋಜನ್ ಸಯನೈಡ್. ಜಲಜನಕ, ಇಂಗಾಲ, ಸಾರಜನಕಗಳ ಒಂದೊಂದು ಪರಮಾಣು ಸೇರಿ ಆದ ಅಣುವಿದು. ಕಹಿ ಬಾದಾಮಿಗೆ ಅದರ ವಿಷಗುಣ ಬರುವುದು ಇದರಿಂದಲೇ. ಮೇಘಗಳಲ್ಲಿ ಇದು ಅತಿ ವಿರಳ. ಕೆಲವು ಕೋಟಿ ಜಲಜನಕ ಅಣುಗಳ ನಡುವೆ ಒಂದು ಸಿಕ್ಕೀತು. ಆದರೂ ಲೂಯಿ ಸ್ನೈಡರ್ ಮತ್ತು ಡೇವಿಡ್ ಬುಲ್ ಎಂಬವರು ೧೯೭೦ರಲ್ಲಿ ೩.೪ ಮಿಲಿಮೀಟರು ಉದ್ದದ ಅದರ ತರಂಗವನ್ನು ಪತ್ತೆ ಮಾಡಿದರು.

ಇದು ಒತ್ತಾದ ಅನಿಲವನ್ನೇ ಏಕೆ ತೋರಿಸಬೇಕು? ಕಾರಣ ಸ್ವಾರಸ್ಯವಾಗಿದೆ. ತಿರುಗುವ ಬುಗುರಿಗಳ ವಿಚಾರವನ್ನು ಮತ್ತೆ ನೆನಪಿಗೆ ತಂದುಕೊಳ್ಳೋಣ. ಇಂಗಾಲದ ಮಾನಾಕ್ಸೈಡ್ ಅಣುವಿಗೆ ಜಲಜನಕದ ಅಣುವೊಂದು ಬಂದು ತಾಕಿದರೆ ಅದು ತಿರುಗತೊಡಗುವುದು. ಹೀಗೆ ಪಡೆದ ಶಕ್ತಿಯನ್ನು ಅದು ಬೇಗನೆ ಬಿಟ್ಟುಕೊಡುವುದಿಲ್ಲ. ತಾನಾಗಿಯೇ ತರಂಗವನ್ನು ಹೊರಡಿಸಲು ಸರಾಸರಿ ೧೬೦ ದಿನಗಳನ್ನು ತೆಗೆದುಕೊಳ್ಳುವುದು. ಆದುದರಿಂದ ಐದಾರು ತಿಂಗಳಿಗೊಮ್ಮೆ ಯಾರಾದರೂ ತಾಕಿದರೆ ಸಾಕು, ಅದರ ಬುಗುರಿ ನಿಲ್ಲದೆ ನಡೆಯುತ್ತಿರುವುದು. ಹೈಡ್ರೋಜನ್ ಸಯನೈಡಿನ ತುದಿಗಳ ವಿದ್ಯುದ್ಭೇದ ಇದರ ಸುಮಾರು ೨೭ರಷ್ಟು. ತರಂಗ ಹೊರಡುವ ಚುರುಕು ಈ ಭೇದದ ವರ್ಗವನ್ನು ಅನುಸರಿಸುವುದರಿಂದ, ಅದು ತನ್ನ ಶಕ್ತಿಯನ್ನು ಸುಮಾರು ಹನ್ನೆರಡು ಗಂಟೆಗಳಲ್ಲಿಯೇ ಕಳೆದುಕೊಂಡು ಸುಮ್ಮನಾಗುವುದು. ಮತ್ತೊಂದು ಡಿಕ್ಕಿಯಾಗುವವರೆಗೆ ಅದರಿಂದ ಸದ್ದಿಲ್ಲ. ಅದು ಸತತವಾಗಿ ದನಿಗೈಯಬೇಕಾದರೆ ಅರ್ಧ ದಿನಕ್ಕೊಮ್ಮೆಯಾದರೂ ಡಿಕ್ಕಿಯಾಗಬೇಕು. ಅಣುಗಳು ಒತ್ತೊತ್ತಾಗಿರುವ ಕಡೆ ಮಾತ್ರ ಇದು ಸಾಧ್ಯ.

ಲೆಕ್ಕದಂತೆ, ಇದಕ್ಕೆ ಪ್ರತಿ ಘನ ಸೆಂಟಿಮೀಟರಿನಲ್ಲಿ ಕೆಲವು ಲಕ್ಷ ಅಣುಗಳು ಬೇಕು. ಒಂದು ಅಣು ಹೊರಡಿಸಿದ ತರಂಗವನ್ನು ಪಕ್ಕದ ಅಣು ಹೀರಿ ಮತ್ತೆ ಹೊರಡಿಸುವುದೂ ಉಂಟಾಗಿ, ಕಾರ್ಯತಃ ಮೂವತ್ತು ಸಾವಿರದಷ್ಟಿದ್ದರೂ ಸಾಕೆಂದು ಖಗೋಳಜ್ಞರು ಎಣಿಸಿದರು. ಇಂಗಾಲದ ಮಾನಾಕ್ಸೈಡಿಗೆ ಕೆಲವು ನೂರೇ ಸಾಕು. ಇಲ್ಲಿ ಒತ್ತಾದ ಅನಿಲವೆಂಬ ಮಾತನ್ನು ನೆಲದ ಲೆಕ್ಕದಲ್ಲಿ ತಿಳಿಯಬಾರದು. ನಾವು ಉಸಿರಾಡುವ ಗಾಳಿಯ ಒಂದು ಘನ ಸೆಂಟಿಮೀಟರಿನಲ್ಲಿ ೨೭ರ ಮುಂದೆ ೧೮ ಸೊನ್ನೆಗಳನ್ನಿಟ್ಟಷ್ಟು ಅಣುಗಳಿವೆ. ಅದರ ಮುಂದೆ ಈ ಮೇಘಗಳ ಒಳತಿರುಳೂ ಶೂನ್ಯವೆಂದೇ ಹೇಳಬೇಕು. ಆದರೂ ನಕ್ಷತ್ರ ಹುಟ್ಟಲು ಅಷ್ಟು ಒತ್ತು ಸಾಕು. ಅದಕ್ಕಿಂತ ತೆಳುವಾದರೆ ಸಾಲದು.

ಪರ್ವತಗಳ ಮೇಲಿನ ಕಿವಿಗಳು

ಮಿಲಿಮೀಟರು ಉದ್ದದ ಈ ತರಂಗಗಳನ್ನು ನಮ್ಮ ವಾಯುಮಂಡಲದ ನೀರಾವಿ ಹೀರಿಕೊಳ್ಳುವುದು. ಆದುದರಿಂದ ದೂರದರ್ಶಕಗಳನ್ನು ಎತ್ತರವಾದ ಒಣಪ್ರದೇಶಗಳಲ್ಲಿ ಕಟ್ಟುವರು. ಸ್ಪೇನಿನ ಸಿಯೆರಾ ನೆವಾಡ ಪರ್ವತಗಳಲ್ಲಿ, ಸಮುದ್ರಮಟ್ಟದಿಂದ ೨,೮೫೦ ಮೀಟರು ಮೇಲೆ, ೩೦ ಮೀಟರು ಅಗಲದ ಬೋಗುಣಿಯೊಂದಿದೆ. ಅದರ ಮೈ ಎಷ್ಟು ನಯವೆಂದರೆ, ಇರಬೇಕಾದ ಆಕಾರಕ್ಕೂ ಇರುವ ಆಕಾರಕ್ಕೂ ಮಿಲಿಮೀಟರಿನ ಹತ್ತರಲ್ಲೊಂದು ಭಾಗದಷ್ಟೂ ವ್ಯತ್ಯಾಸವಿಲ್ಲ. ಫ್ರಾನ್ಸಿನ ಆಲ್ಪ್ಸ್ ಪರ್ವತಗಳಲ್ಲಿ ೧೫ ಮೀಟರಿನ ೧೨ ಬೋಗುಣಿಗಳು ಒಂದೇ ಕಣ್ಣಿನಂತೆ ಕೂಡಿ ಕೆಲಸ ಮಾಡುವುವು. ಚಿಲಿ ದೇಶದ ಅಟಕಾಮ ಮರುಭೂಮಿಯಲ್ಲಿ, ೫,೦೦೦ ಮೀಟರು ಎತ್ತರದ ಬಯಲಿನಲ್ಲಿ, ೨೦೧೩ರಲ್ಲಿ ಉದ್ಘಾಟನೆಯಾದ ಆಲ್ಮ ಎಂಬ ಸ್ಥಾವರದಲ್ಲಿ ಇಂತಹ ೬೬ ಬೋಗುಣಿಗಳಿವೆ. ಕನ್ನಡಿಗರಿಗೆ ಈ ವಿದ್ಯೆ ತೀರ ಪರಕೀಯವಲ್ಲ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಆವರಣದಲ್ಲಿಯೂ ಹಿಂದೆ ೧೦.೪ ಮೀಟರು ಅಗಲದ ಮಿಲಿಮೀಟರು ತರಂಗಗಳ ದೂರದರ್ಶಕವೊಂದು ಕೆಲಸ ಮಾಡಿತು. ಮುಪ್ಪಾದ ನಕ್ಷತ್ರಗಳ ಸುತ್ತಣ ಸಿಲಿಕಾನ್ ಮಾನಾಕ್ಸೈಡ್ ಅಣುಗಳ ದನಿಯನ್ನು ಅದರ ಮೂಲಕ ಆಲಿಸಿದರು.

ಬೋಗುಣಿಯಲ್ಲಿ ಕೂಡಿಬಂದ ತರಂಗ ಅತಿ ಕ್ಷೀಣವಾದುದು. ಗ್ರಾಹಕಯಂತ್ರ ಬೆಚ್ಚಗಿದ್ದರೆ ಅದರ ಗದ್ದಲದಲ್ಲಿಯೇ ಈ ಪಿಸುಮಾತು ಮುಳುಗಿಹೋಗುವುದು. ಅದಕ್ಕಾಗಿ ಗ್ರಾಹಕವನ್ನು ಸೊನ್ನೆಗಿಂತ ಸುಮಾರು ೨೬೯ ಡಿಗ್ರಿ ಕೆಳಗಿನವರೆಗೆ ತಂಪುಮಾಡಿ, ಗಂಟೆಗಟ್ಟಲೆ ಒಂದೇ ಗೆಲಕ್ಸಿಯತ್ತ ಕಿವಿಯಿಟ್ಟು ಕುಳಿತಿರುವರು. ಕಡೆಗೆ ದೊರೆಯುವುದು ಒಂದು ಸಣ್ಣ ದಿಬ್ಬದಂತಹ ವಕ್ರರೇಖೆ. ಅದರಲ್ಲಿ ಓದಬೇಕಾದುದು ಎರಡು. ದಿಬ್ಬದ ಒಟ್ಟು ವಿಸ್ತಾರದಿಂದ ತರಂಗದ ಬಲ ತಿಳಿಯುವುದು. ದಿಬ್ಬದ ಅಗಲದಿಂದ ಅನಿಲ ಎಷ್ಟು ವೇಗವಾಗಿ ಸುಳಿದಾಡುತ್ತಿದೆಯೆಂಬುದು ತಿಳಿಯುವುದು. ನಮ್ಮತ್ತ ಬರುವ ಅನಿಲದ ತರಂಗ ಕುಗ್ಗುವುದು, ದೂರ ಸರಿಯುವುದರದು ಹಿಗ್ಗುವುದು. ಅಷ್ಟು ವೇಗವಾಗಿ ಸುಳಿದಾಡುವ ಮೇಘ ಚದರಿಹೋಗದೆ ತನ್ನ ಆಕರ್ಷಣೆಯಿಂದಲೇ ಒಟ್ಟಾಗಿ ನಿಂತಿರಬೇಕಾದರೆ ಅದಕ್ಕೆ ಇಂತಿಷ್ಟು ತೂಕ ಇರಲೇಬೇಕು. ಹೀಗೆ ವೇಗದಿಂದ ತೂಕವನ್ನು ತಿಳಿದು, ಇಷ್ಟು ಬಲದ ದನಿಗೆ ಇಷ್ಟು ತೂಕವೆಂಬ ಪ್ರಮಾಣವನ್ನು ಗೊತ್ತುಮಾಡುವರು. ನಕ್ಷತ್ರಗಳ ತೊಟ್ಟಿಲನ್ನು ತೂಗುವ ತಕ್ಕಡಿ ಇದೇ.

ಅರುವತ್ತೈದು ಗೆಲಕ್ಸಿಗಳು

ತಕ್ಕಡಿಯ ಒಂದು ತಟ್ಟೆಯಲ್ಲಿ ಅನಿಲವಾದರೆ, ಇನ್ನೊಂದು ತಟ್ಟೆಯಲ್ಲಿ ನಕ್ಷತ್ರಗಳ ಜನನವನ್ನು ಇಡಬೇಕು. ಹೊಸದಾಗಿ ಹುಟ್ಟಿದ ದೊಡ್ಡ ನಕ್ಷತ್ರಗಳು ಸುತ್ತಲಿನ ಧೂಳನ್ನು ಕಾಯಿಸುವುವು. ಕಾದ ಧೂಳು ಕಣ್ಣಿಗೆ ಕಾಣದ ಅವರಕ್ತ ಕಿರಣಗಳನ್ನು ಸೂಸುವುದು. ೧೯೮೩ರಲ್ಲಿ ಅಮೆರಿಕ, ಹಾಲೆಂಡ್ ಮತ್ತು ಬ್ರಿಟನ್ನುಗಳು ಕೂಡಿ ಹಾರಿಸಿದ ಐರಾಸ್ ಎಂಬ ಉಪಗ್ರಹ ಆಕಾಶವನ್ನೆಲ್ಲ ಈ ಕಿರಣಗಳಲ್ಲಿ ಶೋಧಿಸಿತು. ಕೆಲವು ಗೆಲಕ್ಸಿಗಳು ಸೂರ್ಯನಿಗಿಂತ ಲಕ್ಷ ಕೋಟಿ ಪಾಲಿಗೂ ಹೆಚ್ಚಾಗಿ ಬೆಳಗುತ್ತಿದ್ದು, ಆ ಬೆಳಕು ಬಹುಮಟ್ಟಿಗೆ ಅವರಕ್ತವೇ ಆಗಿರುವುದು ಕಂಡುಬಂದಿತು. ಸುಮಾರು ೨೫ ಕೋಟಿ ಜ್ಯೋತಿರ್ವರ್ಷಗಳಾಚೆ ಇರುವ ಆರ್ಪ್ ೨೨೦ ಎಂಬುದು ಇವುಗಳಲ್ಲಿ ಪ್ರಸಿದ್ಧವಾದುದು. ಅಲ್ಲಿ ಎರಡು ಗೆಲಕ್ಸಿಗಳು ಢಿಕ್ಕಿಹೊಡೆದು ಒಂದರೊಳಗೊಂದು ಬೆರೆಯುತ್ತಿವೆ. ಆದರೆ ಇಂಗಾಲದ ಮಾನಾಕ್ಸೈಡಿನಿಂದ ಅಳೆದ ಅನಿಲಕ್ಕೂ ಇವುಗಳ ಬೆಳಕಿಗೂ ತಾಳೆಯಾಗಲಿಲ್ಲ. ಇದ್ದ ಅನಿಲಕ್ಕೆ ಹೋಲಿಸಿದರೆ ಬೆಳಕು ಮಿತಿಮೀರಿದ್ದಿತು. ಅಲ್ಲಿ ನಕ್ಷತ್ರಜನನದ ನಿಯಮವೇ ಬೇರೆಯೋ ಎಂಬ ಶಂಕೆ ಹುಟ್ಟಿತು.

ಈ ಶಂಕೆಗೆ ಉತ್ತರವಿತ್ತವರು ಚೀನ ದೇಶದ ಯು ಗಾವೊ ಮತ್ತು ಅಮೆರಿಕದ ಫಿಲಿಪ್ ಸೋಲೊಮನ್. ಸ್ಪೇನಿನ ದೂರದರ್ಶಕ ಮತ್ತು ಅಮೆರಿಕದ ದೂರದರ್ಶಕಗಳಿಂದ ಅವರು ಹೈಡ್ರೋಜನ್ ಸಯನೈಡಿನ ದನಿಯನ್ನು ಅಳೆದು, ಒಟ್ಟು ೬೫ ಗೆಲಕ್ಸಿಗಳ ವಿವರವನ್ನು ೨೦೦೪ರಲ್ಲಿ ಪ್ರಕಟಿಸಿದರು. ಸಾಮಾನ್ಯ ಗೆಲಕ್ಸಿಗಳಲ್ಲಿ ಸಯನೈಡಿನ ದನಿ ಮಾನಾಕ್ಸೈಡಿನ ದನಿಯ ನೂರರಲ್ಲಿ ೨ರಿಂದ ೫ ಭಾಗದಷ್ಟು. ಆರ್ಪ್ ೨೨೦ರಲ್ಲಿಯಾದರೋ ಹತ್ತರಲ್ಲೊಂದು ಭಾಗಕ್ಕೂ ಮಿಗಿಲು. ಅಂದರೆ ಅಲ್ಲಿ ಕೆನೆಯ ಪಾಲೇ ದೊಡ್ಡದು. ಸಯನೈಡಿನ ದನಿಯನ್ನೂ ಅವರಕ್ತ ಬೆಳಕನ್ನೂ ಒಂದರೆದುರೊಂದಿಟ್ಟು ಗುರುತಿಸಿದಾಗ, ಸಾಧಾರಣ ಗೆಲಕ್ಸಿಗಳಿಂದ ಮಹೋಜ್ವಲ ಗೆಲಕ್ಸಿಗಳವರೆಗೆ ಎಲ್ಲವೂ ಒಂದೇ ನೇರ ಗೆರೆಯ ಆಸುಪಾಸಿನಲ್ಲಿ ನಿಂತವು. ಒತ್ತಾದ ಅನಿಲ ಎರಡರಷ್ಟಾದರೆ ಹುಟ್ಟುವ ನಕ್ಷತ್ರಗಳೂ ಎರಡರಷ್ಟು. ಮರುವರ್ಷವೇ ನಮ್ಮ ಆಕಾಶಗಂಗೆಯೊಳಗಿನ ಬಿಡಿ ಮೇಘಗಳ ತಿರುಳುಗಳನ್ನು ಇದೇ ರೀತಿ ಅಳೆದು ನೋಡಿದಾಗ, ಅವುಗಳೂ ಆ ಗೆರೆಯ ಮುಂದುವರಿಕೆಯಲ್ಲಿಯೇ ಬಿದ್ದುವು. ಚಿಕ್ಕ ಮೇಘಕ್ಕೂ ಇಡಿಯ ಗೆಲಕ್ಸಿಗೂ ಒಂದೇ ನಿಯಮವೆಂದು ಅನೇಕರು ಸಂತೋಷಪಟ್ಟರು.

ಅಳತೆಗೋಲಿಗೇ ಪರೀಕ್ಷೆ

ಆದರೆ ವಿಜ್ಞಾನದಲ್ಲಿ ಅಳೆಯುವ ಕೋಲನ್ನೂ ಆಗಾಗ ಅಳೆದು ನೋಡಬೇಕಾಗುವುದು. ಮೊದಲನೆಯ ಆಕ್ಷೇಪ ನಮ್ಮ ಆಕಾಶಗಂಗೆಯ ನಡುವಿನಿಂದಲೇ ಬಂದಿತು. ಕೇಂದ್ರದ ಸುತ್ತ ಕೆಲವು ನೂರು ಜ್ಯೋತಿರ್ವರ್ಷಗಳ ವಲಯದಲ್ಲಿ ಒತ್ತಾದ ಅನಿಲ ಯಥೇಚ್ಛವಾಗಿದೆ. ಆದರೆ ಗೆರೆಯ ಪ್ರಕಾರ ಹುಟ್ಟಬೇಕಾದ ನಕ್ಷತ್ರಗಳಲ್ಲಿ ಹತ್ತರಲ್ಲೊಂದು ಭಾಗದಷ್ಟು ಮಾತ್ರ ಅಲ್ಲಿ ಹುಟ್ಟುತ್ತಿವೆ. ಸ್ಪೇನಿನ ದೂರದರ್ಶಕದಿಂದ ಒಂಬತ್ತು ನೆರೆಯ ಸುರುಳಿ ಗೆಲಕ್ಸಿಗಳನ್ನು ಭಾಗಭಾಗವಾಗಿ ಅಳೆದು ೨೦೧೯ರಲ್ಲಿ ಪ್ರಕಟಿಸಿದ ಶೋಧನೆಯೂ ಇದನ್ನೇ ಹೇಳಿತು. ನಡುಭಾಗಗಳಲ್ಲಿ ಒತ್ತಾದ ಅನಿಲದ ಪಾಲು ಹೆಚ್ಚು, ಆದರೆ ಅಷ್ಟೇ ಒತ್ತಾದ ಅನಿಲದಿಂದ ಹುಟ್ಟುವ ನಕ್ಷತ್ರಗಳು ಕಡಿಮೆ. ಅಲ್ಲಿ ಅನಿಲ ಬಿರುಸಾಗಿ ಕದಡಿರುವುದರಿಂದ, ಸುತ್ತಮುತ್ತಲಿನದಕ್ಕಿಂತ ಹೆಚ್ಚು ಒತ್ತಾದ ತುಣುಕುಗಳು ಮಾತ್ರ ಕುಸಿಯಬಲ್ಲುವೆಂದು ಹಲವರು ವಿವರಿಸುವರು.

ಎರಡನೆಯ ಆಕ್ಷೇಪ ಇನ್ನೂ ಬುಡಕ್ಕೆ ತಾಗುವಂತಹುದು. ೨೦೧೭ರಲ್ಲಿ ಮಹಾವ್ಯಾಧನ ಮೇಘಗಳ ವಿವರವಾದ ನಕ್ಷೆಗಳನ್ನು ಬರೆದ ಎರಡು ತಂಡಗಳಿಗೆ, ಹೈಡ್ರೋಜನ್ ಸಯನೈಡಿನ ದನಿಯಲ್ಲಿ ಬಹಳಷ್ಟು ಭಾಗ ಒತ್ತಾದ ತಿರುಳುಗಳಿಂದ ಬರದೆ, ಘನ ಸೆಂಟಿಮೀಟರಿಗೆ ಸಾವಿರ ಅಣುಗಳಷ್ಟಿರುವ ಹರವಾದ ಅನಿಲದಿಂದ ಬರುವುದಾಗಿ ಕಂಡಿತು. ಒಂದೊಂದು ಅಣುವೂ ಅಲ್ಲಿ ಅಪರೂಪವಾಗಿ ಮಾತನಾಡಿದರೂ, ಹರವು ವಿಶಾಲವಾದುದರಿಂದ ಎಲ್ಲವೂ ಕೂಡಿ ದೊಡ್ಡ ದನಿಯಾಗುವುದು. ಹನಿಹನಿಗೂಡಿ ಹಳ್ಳವಾದಂತೆ.

ಹಾಗಾದರೆ ನೆಚ್ಚಬಹುದಾದ ಬೇರೆ ಸಾಕ್ಷಿಯಿಲ್ಲವೆ? ಉಂಟು. ಎರಡು ಸಾರಜನಕ ಪರಮಾಣುಗಳೂ ಒಂದು ಜಲಜನಕ ಪರಮಾಣುವೂ ಸೇರಿ, ಧನವಿದ್ಯುತ್ತನ್ನು ಹೊತ್ತಿರುವ ಅಯಾನು ಒಂದಿದೆ. ಇಂಗಾಲದ ಮಾನಾಕ್ಸೈಡ್ ಎದುರಾದರೆ ಇದು ನಾಶವಾಗುವುದು. ಆದರೆ ಅತಿ ತಂಪಾದ, ಅತಿ ಒತ್ತಾದ ತಿರುಳುಗಳಲ್ಲಿ ಮಾನಾಕ್ಸೈಡ್ ಧೂಳಿನ ಕಣಗಳ ಮೇಲೆ ಮಂಜಾಗಿ ಹೆಪ್ಪುಗಟ್ಟುವುದು. ವೈರಿ ಮರೆಯಾದ ಅಲ್ಲಿ ಮಾತ್ರ ಈ ಅಯಾನು ಉಳಿದು ಬಾಳುವುದು. ಆದುದರಿಂದ ಇದರ ದನಿ ಕೇಳಿಸಿದೆಡೆಯಲ್ಲಿ ನಿಜವಾದ ತಿರುಳು ಇದೆಯೆಂದು ನಂಬಬಹುದು. ಕೊರತೆಯೆಂದರೆ ಆ ದನಿ ಸಯನೈಡಿನದಕ್ಕಿಂತಲೂ ಬಹಳ ಕ್ಷೀಣ. ಆಲ್ಪ್ಸ್ ಪರ್ವತದ ಬೋಗುಣಿಗಳಿಂದ ಸುಳಿ ಗೆಲಕ್ಸಿಯೆಂದು ಹೆಸರಾದ ಎಂ ೫೧ರಲ್ಲಿ ಎರಡು ಅಣುಗಳನ್ನೂ ಒಟ್ಟಿಗೆ ಅಳೆದ ನಕ್ಷೆ ೨೦೨೩ರಲ್ಲಿ ಪ್ರಕಟವಾಯಿತು. ಸುರುಳಿಯ ತೋಳುಗಳಲ್ಲಿ ಎರಡೂ ಬಹುಮಟ್ಟಿಗೆ ಜೊತೆಜೊತೆಯಾಗಿ ಸಾಗಿದವು. ಗೆಲಕ್ಸಿಯ ನಡುವಿನಲ್ಲಿ ಮಾತ್ರ ದಾರಿ ಬೇರೆಯಾಯಿತು. ಎಂದರೆ ಹಳೆಯ ಸಾಕ್ಷಿಯನ್ನು ಪೂರ್ತಿ ತಳ್ಳಿಹಾಕಬೇಕಾಗಿಲ್ಲ. ಅದರ ಮಾತನ್ನು ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು ಎಂಬ ವಿವೇಕವಿರಬೇಕು.

ಈ ವಿವೇಕಕ್ಕೆ ಬೆಲೆಯುಂಟು. ಅತಿ ದೂರದ ಗೆಲಕ್ಸಿಗಳಲ್ಲಿ, ವಿಶ್ವ ಎಳೆಯದಾಗಿದ್ದ ಕಾಲದಲ್ಲಿ, ನಕ್ಷತ್ರಗಳು ಎಷ್ಟು ತ್ವರೆಯಾಗಿ ಹುಟ್ಟಿದುವು, ಅನಿಲ ಎಂದಿಗೆ ಮುಗಿಯಿತು ಎಂಬ ಲೆಕ್ಕಗಳೆಲ್ಲ ಇಂತಹ ಅಣುಗಳ ದನಿಯನ್ನೇ ಅವಲಂಬಿಸಿವೆ. ತಕ್ಕಡಿಯಲ್ಲಿ ಲೋಪವಿದ್ದರೆ ಲೆಕ್ಕವೆಲ್ಲ ಕೆಡುವುದು.

ಮೊದಲು ಕೇಳಿದ ಪ್ರಶ್ನೆಗೆ ಈಗ ಅರ್ಧ ಉತ್ತರ ದೊರಕಿದೆ. ಉಗ್ರಾಣದಲ್ಲಿರುವುದೆಲ್ಲ ಬಳಸಲು ಸಿದ್ಧವಾದುದಲ್ಲ. ಒತ್ತಾದ ಅಲ್ಪಭಾಗವಷ್ಟೇ ನಕ್ಷತ್ರವಾಗಲು ಅಣಿಯಾಗಿರುವುದು. ಆ ಅಲ್ಪಭಾಗದ ಕೆಲಸವೂ ಎಲ್ಲೆಡೆಯಲ್ಲಿ ಒಂದೇ ವೇಗದಲ್ಲಿ ನಡೆಯದೆಂಬುದು ಉಳಿದರ್ಧದ ಸುಳಿವು. ಮುಂದಿನ ಚಳಿಗಾಲದಲ್ಲಿ ಮಹಾವ್ಯಾಧನ ಖಡ್ಗದ ಆ ಮಸುಕು ಮಚ್ಚೆ ಕಣ್ಣಿಗೆ ಬಿದ್ದಾಗ, ಅದರ ಹಿಂದೆ ಲಕ್ಷ ಸೂರ್ಯರಷ್ಟು ಅನಿಲ ಕತ್ತಲಲ್ಲಿ ಹರಡಿರುವುದನ್ನೂ, ಅದರಲ್ಲಿ ಎಲ್ಲೋ ಒಂದೆಡೆ ಅರ್ಧ ದಿನಕ್ಕೊಮ್ಮೆ ಡಿಕ್ಕಿ ಹೊಡೆಯುವಷ್ಟು ಹತ್ತಿರಕ್ಕೆ ಅಣುಗಳು ಬಂದಿರುವುದನ್ನೂ ವಾಚಕರು ನೆನೆದುಕೊಳ್ಳಬಹುದು. ಮುಂದಿನ ನಕ್ಷತ್ರ ಹುಟ್ಟುವುದು ಅಲ್ಲಿಯೇ.